ನೊಂದ ಹೃದಯ ಮತ್ತು ದುಡಿಮೆಯ ಧರ್ಮ

ದುಡಿಮೆ ಮನುಷ್ಯನಿಗೆ ವರವೋ ಶಾಪವೋ ಎಂಬುದು ಬಹಳ ಹಳೆಯ ಪ್ರಶ್ನೆ. ಗಟ್ಟಿಮುಟ್ಟಾಗಿರುವವನು ಅದನ್ನು ಸಂಜೆಯ ಹರಟೆಗೆ ಬಿಟ್ಟು ಸುಮ್ಮನಿರಬಹುದು. ಆದರೆ ಹೃದಯಾಘಾತಕ್ಕೆ ಒಳಗಾಗಿ, ಸಾವಿನ ಹೊಸ್ತಿಲನ್ನು ಕಂಡು, ಮರಳಿ ಮನೆಗೆ ಬಂದವನಿಗೆ ಅದು ಹರಟೆಯ ಮಾತಲ್ಲ. ಮತ್ತೆ ಸಲಿಕೆ ಹಿಡಿಯಲೇ, ಬೇಡವೇ? ಹಿಡಿದರೆ ಜೀವಕ್ಕೆ ದ್ರೋಹವೇ? ಹಿಡಿಯದಿದ್ದರೆ ಮನೆಮಂದಿಗೆ ದ್ರೋಹವೇ? ಈ ಎರಡು ದ್ರೋಹಗಳ ನಡುವೆ ನಿಂತವನಿಗೆ ದಾರಿ ಯಾವುದು? ನಮ್ಮ ಸಂಘದ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರೆಂದು ಸಂಪಾದಕ ಮಿತ್ರರು ಕೇಳಿದಾಗ, ಕಾವ್ಯಮೀಮಾಂಸೆಯನ್ನು ಬದಿಗಿಟ್ಟು ಈ ಪ್ರಶ್ನೆಯನ್ನೇ ಎತ್ತಿಕೊಳ್ಳುವುದು ಯೋಗ್ಯವೆಂದು ನಮಗೆ ತೋರಿತು. ಏಕೆಂದರೆ ಕಲಂಗುಟ್ ಪರಿಸರದ ಕನ್ನಡಿಗರಲ್ಲಿ ಬಹುಪಾಲು ಜನರಿಗೆ ದೇಹವೇ ಬಂಡವಾಳ.

ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಕಡೆಗಳಿಂದ ಚೋರ್ಲಾ ಘಟ್ಟವನ್ನೋ ಅನಮೋಡ ಘಟ್ಟವನ್ನೋ ಇಳಿದು ಬಂದ ನಮ್ಮವರು ಇಲ್ಲಿಗೆ ತಂದದ್ದು ಎರಡು ಕೈ, ಎರಡು ಕಾಲು ಮಾತ್ರ. ಬಾಗಾದಿಂದ ಕಾಂದೋಳಿಯವರೆಗೆ ಎದ್ದು ನಿಂತಿರುವ ಹೋಟೆಲುಗಳ ಗೋಡೆಗಳಲ್ಲಿ ನಮ್ಮ ಗೌಂಡಿಗಳ ಕೈಗುರುತಿದೆ. ಮಳೆಗಾಲ ಮುಗಿದೊಡನೆ ಸಮುದ್ರದಂಡೆಯಲ್ಲಿ ಷ್ಯಾಕುಗಳನ್ನು ಕಟ್ಟುವಾಗ ಬಿದಿರನ್ನೂ ಮರಳಿನ ಚೀಲಗಳನ್ನೂ ಹೊರುವ ಹೆಗಲುಗಳಲ್ಲಿ ನಮ್ಮ ಊರಿನವೂ ಇವೆ. ಇಲ್ಲಿಯ ಒಂದು ಚಿರೆಕಲ್ಲು ಸುಮಾರು ಮೂವತ್ತು ಕಿಲೋ ತೂಗುತ್ತದೆ. ಸಿಮೆಂಟಿನ ಚೀಲ 50 ಕಿಲೋ. ಮೃಗಶಿರಾ ಮಳೆ ಬೀಳುತ್ತಲೇ ಇದೇ ಜನ ಊರಿಗೆ ಹೋಗಿ ಎಡೆ ಹೊಡೆಯುತ್ತಾರೆ, ಕಳೆ ಕೀಳುತ್ತಾರೆ. ಅಂದರೆ ವರ್ಷದ ಹನ್ನೆರಡು ತಿಂಗಳೂ ಅವರ ಹೃದಯಕ್ಕೆ ರಜೆಯಿಲ್ಲ. ಅಂಥ ಹೃದಯ ಒಂದು ದಿನ ಮುನಿದರೆ ಆ ಮನೆಯಲ್ಲಿ ಏನಾಗುತ್ತದೆಂಬುದನ್ನು ನಾವು ಹಲವು ಖೋಲಿಗಳಲ್ಲಿ ಕಂಡಿದ್ದೇವೆ.

ಕಂಡದ್ದರಲ್ಲಿ ಎರಡು ಬಗೆ ಇವೆ. ಒಬ್ಬ ಗೌಂಡಿ, ನಲವತ್ತಾರರ ಪ್ರಾಯ, ಆಸ್ಪತ್ರೆಯಿಂದ ಬಂದ ಹನ್ನೆರಡನೆಯ ದಿನ ನಾಕಾದಲ್ಲಿ ಹೋಗಿ ನಿಂತ. ಮಗಳ ಕಾಲೇಜಿನ ಫೀ, ಖೋಲಿಯ ಬಾಡಿಗೆ, ಕಿರಾಣಿ ಅಂಗಡಿಯ ಉದ್ದರಿ ಇವು ಅವನನ್ನು ಅಲ್ಲಿಗೆ ತಳ್ಳಿದವು. ಇನ್ನೊಬ್ಬ, ಹೆಚ್ಚುಕಡಿಮೆ ಅದೇ ವಯಸ್ಸಿನವನು, ಎರಡು ವರ್ಷ ಕಳೆದರೂ ಮಂಚ ಬಿಟ್ಟು ಏಳಲೊಲ್ಲ. ವೈದ್ಯರು ನಡೆಯಬಹುದೆಂದರು, ಹಗುರವಾದ ಕೆಲಸ ಮಾಡಬಹುದೆಂದರು. ಆದರೂ ಅವನಿಗೆ ತನ್ನ ಎದೆಯ ಮೇಲೆ ನಂಬಿಕೆಯಿಲ್ಲ. ನೀರಿನ ಲೋಟವನ್ನೂ ಹೆಂಡತಿಯೇ ತಂದುಕೊಡಬೇಕು. ಮೊದಲನೆಯವನನ್ನು ಜನ ಶೂರನೆಂದರು, ಎರಡನೆಯವನನ್ನು ಹೇಡಿಯೆಂದರು. ನಮ್ಮ ದೃಷ್ಟಿಯಲ್ಲಿ ಎರಡು ಮಾತೂ ಸರಿಯಲ್ಲ. ಒಬ್ಬನನ್ನು ಹಸಿವು ಆಳಿತು, ಇನ್ನೊಬ್ಬನನ್ನು ಭಯ ಆಳಿತು. ತನ್ನ ದೇಹದ ಅಳತೆ ಇಬ್ಬರ ಕೈಯಲ್ಲೂ ಉಳಿಯಲಿಲ್ಲ. ಈ ಅಳತೆ ಯಾರ ಕೈಯಲ್ಲಿರಬೇಕು ಎಂಬುದೇ ಈ ಬರಹದ ಮುಖ್ಯ ಪ್ರಶ್ನೆ.

ಮೊದಲು ದೇಹದ ಸಂಗತಿಯನ್ನು ತಿಳಿದುಕೊಳ್ಳೋಣ. ಸಂಗತಿ ತಿಳಿಯದೆ ಧರ್ಮವಿಚಾರ ಮಾಡುವುದು ಭೂಮಿ ನೋಡದೆ ಬೀಜ ಬಿತ್ತಿದಂತೆ. ಹೃದಯವು ಒಂದು ಸ್ನಾಯು. ಇಡೀ ದೇಹಕ್ಕೆ ರಕ್ತ ಉಣಿಸುವ ಈ ಸ್ನಾಯುವಿಗೂ ತನ್ನದೇ ಆದ ರಕ್ತನಾಳಗಳಿವೆ. ಅವುಗಳಲ್ಲೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದರೆ ಅದು ಪೋಷಿಸುತ್ತಿದ್ದ ಭಾಗ ಸಾಯತೊಡಗುತ್ತದೆ. ಎಷ್ಟು ಬೇಗ ನಾಳ ತೆರೆಯುತ್ತದೋ ಅಷ್ಟು ಸ್ನಾಯು ಉಳಿಯುತ್ತದೆ. ಗೋವೆಯಲ್ಲಿ ಕೆಲವು ವರ್ಷಗಳಿಂದ ನಡೆಯುತ್ತಿರುವ ಸ್ಟೆಮಿ ಯೋಜನೆಯ ಉದ್ದೇಶ ಇದೇ: ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇ.ಸಿ.ಜಿ. ತೆಗೆದು, ತಜ್ಞರಿಗೆ ಕಳುಹಿಸಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಟ್ಟು, ಅನಂತರ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿಗೆ ಸಾಗಿಸುವುದು. ಎದೆನೋವು ಬಂದಾಗ ಓಮಿನ ಕಷಾಯ ಕುಡಿದು ಬೆಳಗಿನ ತನಕ ಕಾಯದೆ 108ಕ್ಕೆ ಕರೆ ಮಾಡಬೇಕೆಂಬುದನ್ನು ನಮ್ಮ ಪ್ರತಿ ಮನೆಯೂ ತಿಳಿದಿರಬೇಕು.

ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ. ಆ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಅದು ಗಟ್ಟಿಯಾಗಲು ಸುಮಾರು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಆ ಗೋಡೆ ಹಸಿ ಗೋಡೆ. ನಮ್ಮ ಗೌಂಡಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಸದಾಗಿ ಕಟ್ಟಿದ ಗೋಡೆಗೆ ನೀರುಣಿಸದೆ, ದಿನ ಬಿಡದೆ, ಮೇಲೆ ಸ್ಲ್ಯಾಬಿನ ಭಾರ ಹೊರಿಸುವ ಗೌಂಡಿ ಲೋಕದಲ್ಲಿಲ್ಲ. ಪರರ ಗೋಡೆಗೆ ತೋರುವ ಈ ತಾಳ್ಮೆಯನ್ನು ಅವನು ತನ್ನ ಎದೆಗೂ ತೋರಲಿ ಎಂದಷ್ಟೇ ನಾವು ಕೇಳುವುದು. ತೆರೆದ ಎದೆಯ ಬೈಪಾಸ್ ಶಸ್ತ್ರಚಿಕಿತ್ಸೆ ಆದವರಿಗೆ ಎದೆಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಹಿಡಿಯುವುದರಿಂದ ಕಾಯುವ ಅವಧಿ ಇನ್ನೂ ಉದ್ದ.

ಹಾಗಾದರೆ ವಿಶ್ರಾಂತಿಯೇ ಮದ್ದೆನ್ನೋಣವೇ? ವೈದ್ಯಶಾಸ್ತ್ರವೂ ಬಹುಕಾಲ ಹಾಗೆಯೇ ನಂಬಿತ್ತು. 1912ರಲ್ಲಿ ಅಮೆರಿಕದ ಜೇಮ್ಸ್ ಹೆರಿಕ್ ಎಂಬ ವೈದ್ಯರು ಈ ರೋಗದ ಲಕ್ಷಣಗಳನ್ನು ಸ್ಪಷ್ಟವಾಗಿ ವಿವರಿಸಿ, ಇದಕ್ಕೆ ತುತ್ತಾದವರೆಲ್ಲ ಸಾಯುವುದಿಲ್ಲವೆಂದು ತೋರಿಸಿಕೊಟ್ಟರು. ಅನಂತರದ ದಶಕಗಳಲ್ಲಿ ರೋಗಿಯನ್ನು ಆರು ವಾರ ಹಾಸಿಗೆಯಲ್ಲೇ ಮಲಗಿಸುವುದು ರೂಢಿಯಾಯಿತು. 1952ರಲ್ಲಿ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬಿಬ್ಬರು ರೋಗಿಗಳನ್ನು ಮೊದಲ ದಿನಗಳಲ್ಲೇ ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ ತಮ್ಮ ಅನುಭವವನ್ನು ಪ್ರಕಟಿಸಿದರು. ಕುಳಿತವರು ಕೆಡಲಿಲ್ಲ, ಬದಲಾಗಿ ಹುರುಪುಗೊಂಡರು. ಮರುವರ್ಷ, 1953ರಲ್ಲಿ, ಜೆರಿ ಮಾರಿಸ್ ಎಂಬ ಸಂಶೋಧಕರು ಲಂಡನ್ನಿನ ಬಸ್ಸುಗಳ ಸಿಬ್ಬಂದಿಯನ್ನು ಪರಿಶೀಲಿಸಿ, ಕುಳಿತೇ ಇರುವ ಚಾಲಕರಿಗಿಂತ ಎರಡಂತಸ್ತಿನ ಬಸ್ಸಿನಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯೆಂದು ತೋರಿಸಿದರು. 1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾಯಿತು. ಪಾಲ್ ಡಡ್ಲಿ ವೈಟ್ ಎಂಬ ವೈದ್ಯರ ಆರೈಕೆಯಲ್ಲಿ ಚೇತರಿಸಿಕೊಂಡ ಅವರು ಮರುವರ್ಷವೇ ಚುನಾವಣೆಗೆ ನಿಂತು ಗೆದ್ದರು. ಹೃದಯ ನೊಂದವನ ಬಾಳು ಮುಗಿಯಿತೆಂಬ ಭಾವನೆಯನ್ನು ಸಡಿಲಿಸುವುದರಲ್ಲಿ ಆ ಘಟನೆಯದೂ ಒಂದು ಪಾಲಿದೆ.

ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಹಿಡಿದ ಪ್ರಸಂಗ ಇನ್ನೂ ಹಳೆಯದು. 1772ರಲ್ಲಿ ಎದೆನೋವಿನ ರೋಗವನ್ನು ಲಂಡನ್ನಿನಲ್ಲಿ ಮೊದಲಬಾರಿಗೆ ವಿವರಿಸಿದ ವಿಲಿಯಂ ಹೆಬರ್ಡನ್ ಎಂಬ ವೈದ್ಯರು ತಮ್ಮ ಒಬ್ಬ ರೋಗಿಯ ಸಂಗತಿಯನ್ನು ಬರೆದಿಟ್ಟಿದ್ದಾರೆ. ಆತ ದಿನಕ್ಕೆ ಅರ್ಧ ಗಂಟೆ ಕಟ್ಟಿಗೆ ಕೊಯ್ಯುವ ನೇಮ ಹಾಕಿಕೊಂಡ, ಹೆಚ್ಚುಕಡಿಮೆ ಗುಣವಾದ. ನಳಿಗೆಯಾಗಲಿ ಸ್ಟೆಂಟ್ ಆಗಲಿ ಇರದ ಕಾಲದಲ್ಲಿ ಒಂದು ಗರಗಸ ಮದ್ದಾಯಿತು. ಆದರೆ ಈ ಕಥೆಯಲ್ಲಿ ಮದ್ದು ಗರಗಸದಲ್ಲಿತ್ತೋ, ಅರ್ಧ ಗಂಟೆಯಲ್ಲಿತ್ತೋ? ಅದೇ ಮನುಷ್ಯ ಒಡೆಯನೊಬ್ಬನ ಕೈಕೆಳಗೆ ಸಂಜೆಯ ತನಕ ಕಟ್ಟಿಗೆ ಕೊಯ್ಯಬೇಕಾಗಿದ್ದರೆ ಗುಣವಾಗುತ್ತಿದ್ದನೇ? ಇಲ್ಲವೆಂದೇ ನಮ್ಮ ಅನಿಸಿಕೆ. ಅವನ ಗರಗಸ ಅವನ ಕೈಯಲ್ಲಿತ್ತು. ಅದನ್ನು ಕೆಳಗಿಡುವ ಹೊತ್ತೂ ಅವನ ಕೈಯಲ್ಲೇ ಇತ್ತು.

ಇದು ಬರಿಯ ಊಹೆಯಲ್ಲ. ಬಿಡುವಿನ ಹೊತ್ತಿನ ವ್ಯಾಯಾಮ ಹೃದಯವನ್ನು ಕಾಯುತ್ತದೆ, ಆದರೆ ಹೊಟ್ಟೆಪಾಡಿನ ಭಾರೀ ದೇಹಶ್ರಮ ಹಾಗೆ ಕಾಯುವುದಿಲ್ಲ, ಬದಲಾಗಿ ಅಪಾಯವನ್ನು ಹೆಚ್ಚಿಸುವಂತೆ ಕಾಣುತ್ತದೆ ಎಂದು ಡೆನ್ಮಾರ್ಕಿನ ಸಂಶೋಧಕರು ಕೋಪನ್‌ಹೇಗನ್ನಿನ ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ 2021ರಲ್ಲಿ ವರದಿ ಮಾಡಿದರು. ಬೆವರು ಒಂದೇ, ಫಲ ಬೇರೆ. ಕಾರಣವನ್ನು ಅವರು ಹೀಗೆ ಹುಡುಕುತ್ತಾರೆ: ವ್ಯಾಯಾಮ ಮಾಡುವವನು ಅರ್ಧ ತಾಸು ಬೆವರಿ ಕೂರುತ್ತಾನೆ, ದಣಿದ ದಿನ ಬಿಡುತ್ತಾನೆ. ಕೂಲಿಯವನು ದಿನವಿಡೀ ಎತ್ತುತ್ತಾನೆ, ಬಾಗುತ್ತಾನೆ, ಬೇಕೆಂದಾಗ ಕೂರಲಾರ, ಮರುದಿನ ದೇಹ ಚೇತರಿಸುವ ಮೊದಲೇ ಮತ್ತೆ ಎತ್ತಲು ನಿಲ್ಲುತ್ತಾನೆ. ಕಲಂಗುಟ್ಟಿನ ದಂಡೆಯಲ್ಲಿ ಮುಂಜಾನೆ ಓಡುವ ಪ್ರವಾಸಿಯನ್ನೂ, ಅದೇ ಮರಳಿನ ಮೇಲೆ ಚೀಲ ಹೊತ್ತು ನಡೆಯುವ ನಮ್ಮ ಹುಡುಗನನ್ನೂ ಒಟ್ಟಿಗೆ ನೋಡಿದವರಿಗೆ ಈ ಭೇದ ಅರ್ಥವಾದೀತು.

ದುಡಿಮೆಯ ಭಾರವನ್ನು ಅಳೆಯುವ ಕ್ರಮವೊಂದು ವೈದ್ಯರಲ್ಲಿದೆ. ಸುಮ್ಮನೆ ಕುಳಿತಾಗ ದೇಹ ಬಳಸುವ ಪ್ರಾಣವಾಯುವನ್ನು ಒಂದು ಮೆಟ್ ಎನ್ನುತ್ತಾರೆ. ಸಮನೆಲದ ಸಾಧಾರಣ ನಡಿಗೆಗೆ ಸುಮಾರು ಮೂರು, ಮೆಟ್ಟಿಲು ಹತ್ತಲು ನಾಲ್ಕು ಅಥವಾ ಹೆಚ್ಚು, ಇಟ್ಟಿಗೆ ಕಲ್ಲುಗಳನ್ನು ಹೊರಲು, ನೆಲ ಅಗೆಯಲು ಎಂಟರ ಆಸುಪಾಸು ಬೇಕು. ಟಿ.ಎಂ.ಟಿ. ಎಂಬ ನಡಿಗೆಯ ಪರೀಕ್ಷೆಯಲ್ಲಿ ಒಬ್ಬನು ಎಷ್ಟು ಮೆಟ್ ತಲುಪಬಲ್ಲನೆಂಬುದು ತಿಳಿಯುತ್ತದೆ. ಎಂಟು ಗಂಟೆಯ ದುಡಿಮೆಯ ಸರಾಸರಿ ಭಾರವು ಈ ಗರಿಷ್ಠ ಸಾಮರ್ಥ್ಯದ ಮೂರನೆಯ ಒಂದು ಪಾಲಿನಿಂದ ಶೇ 40ರೊಳಗೆ ಇರಬೇಕೆಂಬುದು ಒಪ್ಪಿತವಾದ ಲೆಕ್ಕ. ಒಂಬತ್ತು ಮೆಟ್ ತಲುಪಿದವನು ದಿನದ ಸರಾಸರಿಯಾಗಿ ಮೂರು, ಮೂರೂವರೆಯಷ್ಟು ದುಡಿಯಬಲ್ಲ. ಆಗೊಮ್ಮೆ ಈಗೊಮ್ಮೆ ಕಲ್ಲೆತ್ತಿದರೂ ನಡುನಡುವೆ ಕೂತು ಸರಾಸರಿಯನ್ನು ಇಳಿಸಿಕೊಳ್ಳಬೇಕು. ಗೋಡೆಯ ಪಕ್ಕ ಹತ್ತು ನಿಮಿಷ ಕೂತವನು ಸೋಮಾರಿಯಲ್ಲ, ಲೆಕ್ಕ ಬಲ್ಲವನು.

ಅಳತೆಯಲ್ಲಿ ಇನ್ನೂ ಕೆಲವು ಅಂಶಗಳಿವೆ. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ರಕ್ತದ ಒತ್ತಡ ಥಟ್ಟನೆ ಏರುತ್ತದೆ. ಎತ್ತುವಾಗ ಉಸಿರು ಬಿಡಬೇಕು, ಒಂದು ದೊಡ್ಡ ಬುಟ್ಟಿಗಿಂತ ಎರಡು ಸಣ್ಣ ಬುಟ್ಟಿ ಮೇಲು. ಗೋವೆಯ ಏಪ್ರಿಲ್, ಮೇ ತಿಂಗಳ ಬೇಗೆಯಲ್ಲಿ ದೇಹವನ್ನು ತಂಪಾಗಿಡಲು ರಕ್ತ ಚರ್ಮದ ಕಡೆಗೆ ಹರಿಯುವುದರಿಂದ ಅದೇ ಕೆಲಸಕ್ಕೆ ಹೃದಯ ಹೆಚ್ಚು ಬಡಿಯಬೇಕು. ಆದುದರಿಂದ ಬೆಳಗಿನ ಹೊತ್ತೇ ಮೇಲು. ನಾಡಿಯ ವೇಗ ತಗ್ಗಿಸುವ ಗುಳಿಗೆ ನುಂಗುವವರು ನಾಡಿ ಎಣಿಸಿ ಮೋಸಹೋಗಬಾರದು. ದುಡಿಯುತ್ತ ಪಕ್ಕದವನೊಡನೆ ಮಾತಾಡಲು ಸಾಧ್ಯವಾದರೆ ಭಾರ ಸರಿಯಾಗಿದೆ, ಮಾತು ತುಂಡಾದರೆ ಮೀರಿದೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಗುಳಿಗೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ನುಂಗಬೇಕಾಗುತ್ತದೆ. ಕೈಯಲ್ಲಿ ಕಾಸಿಲ್ಲವೆಂದು ತಾವಾಗಿ ಬಿಟ್ಟರೆ ಅದು ಕಲ್ಲು ಹೊರುವುದಕ್ಕಿಂತ ದೊಡ್ಡ ಅಪಾಯ. ಬೀಡಿ, ಗುಟಕಾ ಬಿಡದೆ ಕೆಲಸ ಮಾತ್ರ ಬಿಟ್ಟವನು ಕಳ್ಳನನ್ನು ಒಳಗಿಟ್ಟು ಬಾಗಿಲಿಗೆ ಬೀಗ ಹಾಕಿದಂತೆ.

ಈಗ ಭಯದ ಮಾತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ರ ಪ್ರಾಯದಲ್ಲಿ ಅಗಲಿದಾಗ ಕನ್ನಡನಾಡು ಕಣ್ಣೀರಿಟ್ಟಿತು. ಅದರೊಡನೆ ದೇಹ ದಣಿಸಿದರೆ ಹೃದಯ ನಿಲ್ಲುತ್ತದೆಂಬ ಭಯವೂ ಮನೆಮನೆಗೆ ಹೊಕ್ಕಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಪರೀಕ್ಷೆಗಾಗಿ ಜನ ಸಾಲುಗಟ್ಟಿದರು. 2025ರ ಬೇಸಿಗೆಯ ಕೊನೆಗೆ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹಬ್ಬಿದಾಗಲೂ ಹಾಗೆಯೇ ಆಯಿತು. ಪರೀಕ್ಷೆ ಮಾಡಿಸಿಕೊಳ್ಳುವುದು ವಿವೇಕ. ಆದರೆ ದುಡಿಮೆಯನ್ನೇ ವೈರಿಯೆಂದು ಬಗೆಯುವುದು ವಿವೇಕವಲ್ಲ. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ ಸುಮಾರು ನಾಲ್ಕು ಸಾವಿರ ಜನರ ಮೇಲೆ ಯೋಗಾಧಾರಿತ ಪುನಶ್ಚೇತನ ಕ್ರಮವೊಂದನ್ನು ಪ್ರಯೋಗಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದು ಸಾವನ್ನು ತಗ್ಗಿಸಿತೆಂದು ಸಾಧಿಸಲಾಗಲಿಲ್ಲ. ಆದರೆ ಆ ಕ್ರಮ ಅನುಸರಿಸಿದವರು ತಮ್ಮ ಹಿಂದಿನ ಕೆಲಸಕಾರ್ಯಗಳಿಗೆ ಮರಳುವುದರಲ್ಲಿ ಮುಂದಿದ್ದರು, ತಾವು ಆರೋಗ್ಯವಾಗಿದ್ದೇವೆಂದು ಹೆಚ್ಚಾಗಿ ನಂಬಿದರು. ಕಳೆದುಹೋಗಿದ್ದ ಈ ನಂಬಿಕೆ ಮರಳುವುದು ಸಣ್ಣ ಲಾಭವಲ್ಲ.

ನಾವೂ ಈ ಹಾದಿ ನಡೆದವರೇ. ಅರವತ್ತೆಂಟರ ಪ್ರಾಯದಲ್ಲಿ ನಮಗೆ ಹೃದಯಾಘಾತವಾಯಿತು. ಮನೆಗೆ ಬಂದಾಗ ನಮ್ಮ ಕೈಗೆ ಸಿಕ್ಕ ಉಪದೇಶ ಎರಡೇ ಮಾತು: ಭಾರ ಎತ್ತಬೇಡಿ, ಆಯಾಸ ಮಾಡಿಕೊಳ್ಳಬೇಡಿ. ಎಷ್ಟು ಕಿಲೋ, ಎಷ್ಟು ವಾರ ಎಂಬುದನ್ನು ಯಾರೂ ಹೇಳಲಿಲ್ಲ. ಮೂರೂವರೆ ದಶಕ ಮಕ್ಕಳಿಗೆ ಗಣಿತ ಕಲಿಸಿದ ನಮಗೆ ಅಂಕಿಯಿಲ್ಲದ ಉತ್ತರ ಒಪ್ಪಿಗೆಯಾಗುವುದಾದರೂ ಹೇಗೆ? ಕೇಳಿ ಕೇಳಿ ಅಂಕಿಗಳನ್ನು ಪಡೆದೆವು. ಮೊದಲ ವಾರ ದಿನಕ್ಕೆ ಎರಡು ಸಲ ಐದು ನಿಮಿಷ ನಡಿಗೆ; ವಾರ ವಾರಕ್ಕೂ ಐದೈದು ನಿಮಿಷ ಹೆಚ್ಚಳ; ಏಳನೆಯ ವಾರ ಪರೀಕ್ಷೆ; ಅನಂತರ ಮನೆಯ ಹಿಂದಿನ ಬಾಳೆ, ಬದನೆ ಗಿಡಗಳಿಗೆ ಅರ್ಧ ಕೊಡ ನೀರು. ಮಕ್ಕಳು ಕೊಡವನ್ನು ಕೈಯಿಂದ ಕಸಿದುಕೊಳ್ಳುತ್ತಿದ್ದರು. ಅವರ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ಎಲ್ಲವನ್ನೂ ಕಸಿದುಕೊಳ್ಳುವ ಪ್ರೀತಿ ಕ್ರಮೇಣ ಸೆರೆಮನೆಯಾಗುತ್ತದೆ. ಇಂದಿಗೂ ನಮ್ಮ ಕೊಡ ಅರ್ಧವೇ ತುಂಬಿರುತ್ತದೆ. ಆದರೆ ಅದನ್ನು ಹೊರುವವರು ನಾವೇ.

ಇನ್ನು ಧರ್ಮದ ವಿಚಾರ. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಪೂಜೆಯ ಎತ್ತರಕ್ಕೆ ಏರಿಸಿ ಅದಕ್ಕೆ ಕಾಯಕವೆಂದು ಹೆಸರಿಟ್ಟರು. ಕಾಯದಿಂದ ಮಾಡುವುದು ಕಾಯಕ. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಕಥೆಯನ್ನು ನಾವೆಲ್ಲ ಕೇಳಿದ್ದೇವೆ: ಕೊರಳಿನ ಲಿಂಗ ಜಾರಿ ನೀರಿಗೆ ಬಿದ್ದರೂ ಆತ ಹುಲ್ಲಿನ ಹೊರೆ ಬಿಡಲಿಲ್ಲವಂತೆ. ಈ ಕಥೆಯನ್ನು ಮಾತ್ರ ಕೇಳಿದವನು, ಎದೆ ನೋಯುತ್ತಿದ್ದರೂ ಕಲ್ಲು ಕೆಳಗಿಡಬಾರದೆಂದು ತಿಳಿದಾನು. ಹಾಗೆ ತಿಳಿದವರು ಉಂಟು. ತಮ್ಮನ್ನು ಸವೆಸಿಕೊಳ್ಳುವುದೇ ಪುಣ್ಯವೆಂದು ನಂಬಿ ಸವೆದುಹೋದವರನ್ನು ನಾವು ಬಲ್ಲೆವು. ಆದರೆ ಅದೇ ಕಲ್ಯಾಣದಲ್ಲಿ ಇನ್ನೊಂದು ಕಥೆಯಿದೆ. ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಾದುದನ್ನು ತಂದಲ್ಲಿಗೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ದುರಾಸೆಗೆ ಎಚ್ಚರಿಕೆಯೆಂದು ಓದುತ್ತೇವೆ. ದೇಹಕ್ಕೂ ಇದು ಸಲ್ಲುತ್ತದೆಂದು ನಮ್ಮ ಭಾವನೆ. ಅಳತೆ ಮೀರಿದ ಅಕ್ಕಿ ಕಾಯಕವಲ್ಲದಿದ್ದರೆ ಅಳತೆ ಮೀರಿದ ಶ್ರಮವೂ ಕಾಯಕವಲ್ಲ. ನಾಳೆಯ ಶಕ್ತಿಯನ್ನು ಇಂದೇ ಆಯ್ದು ತರುವವನು ನಾಳೆಯ ಪಾಲನ್ನು ಕದ್ದಂತೆ. ಇದರ ಮರುಮುಖವೂ ಅಷ್ಟೇ ನಿಜ: ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದಳೇ ಹೊರತು ಗಂಡನಿಗೆ ಆಯುವುದನ್ನು ನಿಲ್ಲಿಸೆನ್ನಲಿಲ್ಲ. ಹೃದಯ ನೊಂದವನಿಗೆ ಈ ಎರಡೂ ಸಲ್ಲುತ್ತವೆ. ಅಳತೆ ಮೀರಬಾರದು; ಅಳತೆಯೊಳಗಿನದನ್ನು ಬಿಡಲೂಬಾರದು. ಆಹಾರ, ವಿಹಾರ, ಕರ್ಮ, ನಿದ್ರೆಗಳಲ್ಲಿ ಮಿತಿಯಿರಲೆಂದು ಭಗವದ್ಗೀತೆಯ ಆರನೆಯ ಅಧ್ಯಾಯ ಹೇಳುವುದೂ ಇದನ್ನೇ ಅಲ್ಲವೇ?

ಇಲ್ಲಿ ಓದುಗರಲ್ಲಿ ಒಬ್ಬರಾದರೂ ಎದ್ದು ಕೇಳಬೇಕು: ‘ಗುರುಗಳೇ, ಪಿಂಚಣಿ ಬರುವ ನಿಮಗೆ ಅಳತೆಯ ಮಾತು ಸುಲಭ. ದಿನದ ಪಗಾರ ದಿನ ತಿನ್ನುವವನು ಆರು ವಾರ ಹೇಗೆ ಕೂರಬೇಕು?’ ಈ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಉತ್ತರಿಸದ ಧರ್ಮವಿಚಾರ ಪೊಳ್ಳು. ಲಕ್ಕಮ್ಮ ಅಕ್ಕಿ ಹಿಂದಿರುಗಿಸಬಲ್ಲವಳಾಗಿದ್ದಳು, ಏಕೆಂದರೆ ಮರುದಿನವೂ ಅಂಗಳದಲ್ಲಿ ಅಕ್ಕಿ ಸಿಗುವುದೆಂಬ ಭರವಸೆಯಿದ್ದ ಸಮುದಾಯದಲ್ಲಿ ಅವಳಿದ್ದಳು. ನಾಳೆಯ ಭರವಸೆಯಿಲ್ಲದವನಿಗೆ ಮಿತಿಯನ್ನು ಬೋಧಿಸುವುದು ಕ್ರೌರ್ಯ. ಹಾಗಾಗಿ ಹನ್ನೆರಡನೆಯ ದಿನ ನಾಕಾಕ್ಕೆ ಹೋದ ಗೌಂಡಿಯ ತಪ್ಪನ್ನು ಅವನೊಬ್ಬನ ಲೆಕ್ಕಕ್ಕೆ ಬರೆಯಲು ನಾವು ಸಿದ್ಧರಿಲ್ಲ. ಅವನ ಸುತ್ತಲಿನ ನಮ್ಮೆಲ್ಲರ ಪಾಲು ಅದರಲ್ಲಿದೆ.

ಕಾನೂನು ಸ್ವಲ್ಪ ಮಟ್ಟಿಗೆ ಈ ಪಾಲನ್ನು ಹೊತ್ತಿದೆ. 1948ರ ಕಾಯ್ದೆಯಿಂದ ಬಂದ ಇ.ಎಸ್.ಐ. ವ್ಯವಸ್ಥೆಯಲ್ಲಿ, ವಂತಿಗೆ ತುಂಬಿದ ಕಾರ್ಮಿಕನಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ. 91 ದಿನವೆಂದರೆ ಹದಿಮೂರು ವಾರ. ಹಸಿ ಗೋಡೆ ಗಟ್ಟಿಯಾಗಲು ಬೇಕಾದುದಕ್ಕಿಂತ ಹೆಚ್ಚು. ಹೋಟೆಲುಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ತಮ್ಮ ಹೆಸರು ಅಲ್ಲಿ ಸೇರಿದೆಯೇ ಎಂದು ಇಂದೇ ಕೇಳಿ ತಿಳಿಯಲಿ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಸಂಸತ್ತು ಕಾಯ್ದೆ ಮಾಡಿದ ಮೇಲೆ ರಾಜ್ಯಗಳಲ್ಲಿ ಕಲ್ಯಾಣ ಮಂಡಳಿಗಳು ಹುಟ್ಟಿದವು. ಅಲ್ಲಿ ಹೆಸರು ನೋಂದಾಯಿಸದವನಿಗೆ ಮಾತ್ರ ಏನೂ ದಕ್ಕದು. ಅರ್ಜಿ ತುಂಬಲು ಬರುವವರು ನಮ್ಮಲ್ಲಿ ಸಾಕಷ್ಟಿದ್ದಾರೆ, ತುಂಬಿಸಿಕೊಳ್ಳಬೇಕಾದವರೂ ಇದ್ದಾರೆ. ಇವರಿಬ್ಬರನ್ನು ಒಂದೇ ಬೆಂಚಿನ ಮೇಲೆ ಕೂರಿಸುವುದು ಸಂಘದ ಕೆಲಸ.

ಇನ್ನೊಂದು ಸಲಹೆ. ರಾಜ್ಯೋತ್ಸವಕ್ಕೆ ಮಂಟಪ, ಮೆರವಣಿಗೆಗಳಿಗೆ ನಾವು ಸಂತೋಷದಿಂದ ಪಟ್ಟಿ ಹಾಕುತ್ತೇವೆ, ಹಾಕಲೇಬೇಕು. ಅದರ ಜೊತೆಗೆ ಆರು ವಾರದ ನಿಧಿಯೊಂದನ್ನು ಸಂಘ ಏಕೆ ಇಡಬಾರದು? ಹೃದಯ ನೊಂದ ದುಡಿಮೆಗಾರನ ಮನೆಗೆ ಆರು ವಾರ ಜೋಳ, ಬೇಳೆ, ಬಾಡಿಗೆ, ಗುಳಿಗೆ. ಏಳನೆಯ ವಾರದಿಂದ ಮೂರು ತಿಂಗಳು ಹಗುರವಾದ ಕೆಲಸ. ನಮ್ಮಲ್ಲಿ ಗುತ್ತಿಗೆದಾರರಿದ್ದಾರೆ, ಅಂಗಡಿಕಾರರಿದ್ದಾರೆ. ಗೌಂಡಿಗೆ ಕಲ್ಲು ಹೊರುವುದಷ್ಟೇ ಗೊತ್ತಿಲ್ಲ. ತೂಕದ ಗುಂಡು ಹಿಡಿದು ಗೋಡೆಯ ನೇರ ನೋಡುವುದು, ಸಾಮಾನಿನ ಲೆಕ್ಕ ಇಡುವುದು, ಹೊಸ ಹುಡುಗರಿಗೆ ಕೆಲಸ ಕಲಿಸುವುದು ಅವನಿಗೆ ಗೊತ್ತು. ಮೂವತ್ತು ಕಿಲೋ ಎತ್ತಲಾರದ ಕೈ ಮೂವತ್ತು ವರ್ಷದ ಅನುಭವವನ್ನು ಎತ್ತಿ ಕೊಡಬಲ್ಲದು. ಇದು ದಾನವಲ್ಲ. ಇಂದು ಕೊಟ್ಟವನ ಎದೆಯೂ ನಾಳೆ ನೊಂದೀತು.

ಈ ಲೆಕ್ಕದಲ್ಲಿ ಸದಾ ಬಿಟ್ಟುಹೋಗುವವರು ಹೆಣ್ಣುಮಕ್ಕಳು. ಗಂಡ ಮಲಗಿದಾಗ ಹೆಂಡತಿ ಎರಡು ಮನೆಯ ಪಾತ್ರೆಯ ಬದಲು ನಾಲ್ಕು ಮನೆಯ ಪಾತ್ರೆ ತಿಕ್ಕುತ್ತಾಳೆ; ಅವನ ವಿಶ್ರಾಂತಿಯ ಭಾರ ಅವಳ ಬೆನ್ನಿನ ಮೇಲೆ ಇಳಿಯುತ್ತದೆ. ಅವಳಿಗೇ ಹೃದಯಾಘಾತವಾದರೆ? ಹೆಂಗಸರಲ್ಲಿ ಅದು ಕೆಲವೊಮ್ಮೆ ಎದೆಯ ತೀವ್ರ ನೋವಾಗಿ ಕಾಣದೆ, ಉಸಿರಾಟದ ತೊಂದರೆ, ಬೆನ್ನುನೋವು, ವಾಕರಿಕೆ, ವಿಪರೀತ ದಣಿವಾಗಿ ಕಾಣುತ್ತದೆ. ಹಾಗಾಗಿ ತಡವಾಗಿ ತಿಳಿಯುತ್ತದೆ. ಆಸ್ಪತ್ರೆಯಿಂದ ಬಂದ ಮರುದಿನವೇ ಅವಳು ಒಲೆಯ ಮುಂದೆ. ಹದಿನೈದು ಲೀಟರಿನ ಕೊಡ ಹದಿನೈದು ಕಿಲೋ ತೂಗುತ್ತದೆ. ಒದ್ದೆ ಚಾದರ ಹಿಂಡುವುದು, ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು ಎಲ್ಲವೂ ದೇಹಶ್ರಮವೇ. ಆದರೆ ‘ಮನೆಗೆಲಸ ತಾನೇ’ ಎಂಬ ಎರಡು ಮಾತಿನಲ್ಲಿ ಅದು ಲೆಕ್ಕದಿಂದ ಹೊರಬೀಳುತ್ತದೆ. ಗೌಂಡಿಗೆ ಆರು ವಾರವಾದರೆ ಗೌಂಡಿಯ ಹೆಂಡತಿಗೂ ಆರು ವಾರ. ಆ ಆರು ವಾರ ರೊಟ್ಟಿ ಬಡಿಯಲು ಗಂಡನೂ ಗಂಡುಮಕ್ಕಳೂ ಕಲಿಯಲಿ. ಕಲಿಯಲಾಗದ ವಿದ್ಯೆ ಅದಲ್ಲ.

ಕೊನೆಗೆ, ಎಲ್ಲ ಅಳತೆ ನೋಡಿದ ಮೇಲೂ ಹಳೆಯ ಕೆಲಸಕ್ಕೆ ಮರಳಲಾರದವರು ಇರುತ್ತಾರೆ. ಹೃದಯದ ಶಕ್ತಿ ಬಹಳ ಕುಗ್ಗಿದವರಿಗೆ ವೈದ್ಯರು ಭಾರದ ಕೆಲಸ ಬೇಡವೆನ್ನುತ್ತಾರೆ, ಅದನ್ನು ಒಪ್ಪಲೇಬೇಕು. ಅಂಥವರ ಮುಖದಲ್ಲಿ ನಾವು ಕಾಣುವುದು ನೋವಿಗಿಂತ ಹೆಚ್ಚಾಗಿ ನಾಚಿಕೆ. ಇದು ಅನ್ಯಾಯದ ನಾಚಿಕೆ. ಎತ್ತುವ ಕಿಲೋಗಳಲ್ಲಿ ಮನುಷ್ಯನ ಬೆಲೆ ಕಟ್ಟುವುದು ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದಂತೆ. ಶರಣರ ಕಾಯಕದಲ್ಲಿ ಹಗ್ಗ ಹೊಸೆಯುವುದಕ್ಕೂ ಅಕ್ಕಿ ಆಯುವುದಕ್ಕೂ ಮೇಲುಕೀಳು ಇರಲಿಲ್ಲ. ಕೆಲಸ ಬದಲಾದರೆ ಕಾಯಕ ಕೆಡುವುದಿಲ್ಲ. ಕಲ್ಲು ಬಿಟ್ಟು ಕೀಲಿಕೈ ಹಿಡಿದವನು, ಬುಟ್ಟಿ ಬಿಟ್ಟು ಮೊಮ್ಮಗುವಿನ ಪಾಠಿ ಹಿಡಿದವನು ಕೂಡ ದುಡಿಯುವವನೇ.

ಆದುದರಿಂದ ನಾವು ಆರಂಭದಲ್ಲಿ ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಹೀಗಿದೆ. ಹೃದಯ ನೊಂದವನು ದುಡಿಮೆಗೆ ಮರಳುವುದು ಜೀವಕ್ಕೆ ದ್ರೋಹವಲ್ಲ, ಅಳತೆ ತಿಳಿದು ಮರಳಿದರೆ. ಮರಳದೆ ಕೆಲಕಾಲ ಕೂರುವುದು ಮನೆಗೆ ದ್ರೋಹವಲ್ಲ, ಗಾಯ ಮಾಯಲೆಂದು ಕೂತರೆ. ದ್ರೋಹ ಇರುವುದು ಒಬ್ಬನ ಅಳತೆಯನ್ನು ಅವನ ಕೈಯಿಂದ ಕಸಿದುಕೊಳ್ಳುವುದರಲ್ಲಿ: ಕಸಿದುಕೊಂಡದ್ದು ಗುತ್ತಿಗೆದಾರನ ಅವಸರವಾಗಿರಬಹುದು, ಸಾಲಗಾರನ ತಗಾದೆಯಾಗಿರಬಹುದು, ಮಕ್ಕಳ ಅತಿಪ್ರೀತಿಯಾಗಿರಬಹುದು, ತನ್ನದೇ ಭಯವೂ ಆಗಿರಬಹುದು. ಅಳತೆಯನ್ನು ಹೇಳಿಕೊಡುವುದು ವೈದ್ಯರ ಹೊಣೆ, ಪಾಲಿಸುವುದು ರೋಗಿಯ ಹೊಣೆ, ಪಾಲಿಸಲು ಸಾಧ್ಯವಾಗುವಂತೆ ಮಾಡುವುದು ನಮ್ಮೆಲ್ಲರ ಹೊಣೆ. ಈ ಮೂರರಲ್ಲಿ ಮೂರನೆಯದು ಸಂಘದ ಮುಂದಿನ ಕಾರ್ಯಕಾರಿ ಸಭೆಯ ವಿಷಯಪಟ್ಟಿಯಲ್ಲಿ ಬರಲೆಂದು ವಿನಂತಿಸಿ, ಎಲ್ಲ ಸದಸ್ಯ ಬಂಧುಗಳಿಗೂ ಅವರ ಕುಟುಂಬಗಳಿಗೂ ದೀರ್ಘಾಯುವನ್ನೂ ಅಳತೆಯ ದುಡಿಮೆಯನ್ನೂ ಹಾರೈಸುತ್ತೇವೆ.